ಅಟ್ಟದ ಮೇಲಿನ ಮೀರಾಸ್

ಗಲ್ಫ್‌ನಲ್ಲಿದ್ದ ತಂದೆ ರಜೆಗೆ ಬರುವಾಗಲೆಲ್ಲ ತಂದಿಟ್ಟ ಮಾಡೆಲ್ ಕಿಟ್‌ಗಳು ಅಟ್ಟದ ತುಂಬ ಇವೆ: ಏರ್‌ಫಿಕ್ಸ್ ವಿಮಾನ, ತಾಮಿಯಾ ಟ್ಯಾಂಕು, ಹೆಚ್ಚಿನವು ಬಿಚ್ಚದ ಡಬ್ಬಿ. “ಆಟಿಕೆ ತಾನೇ ಉಸ್ತಾದ್, ಒಟ್ಟಿಗೆ ಮಾರಿಬಿಡಲೇ?” ಎಂದು ಹಿರಿಯ ಮಗ ಕೇಳಿದ.

ಆಟಿಕೆಯಾದರೂ ಅದು ಮೀರಾಸ್. ಮೊದಲು ತಂದೆಯ ಸಾಲ, ಮತ್ತೆ ವಸಿಯ್ಯತ್. ಉಳಿದುದರಲ್ಲಿ ತಾಯಿಗೆ 8ರಲ್ಲಿ 1 ಪಾಲು, ತಂಗಿಗೆ ಅವನ ಪಾಲಿನ ಅರ್ಧ. ಅವರ ಒಪ್ಪಿಗೆಯಿಲ್ಲದೆ ಒಂದು ಡಬ್ಬಿಯನ್ನೂ ಮಾರುವಂತಿಲ್ಲ.

ಬೆಲೆ ಬಲ್ಲವರಿಂದ ಪಟ್ಟಿ ಮಾಡಿಸಬೇಕು. ಬಿಚ್ಚಿದ ಡಬ್ಬಿಯಾದರೆ ಸೂಚನಾ ಹಾಳೆ ಹಿಡಿದು ಬಿಡಿಭಾಗ ಎಣಿಸಬೇಕು. ಒಂದು ಚಕ್ರ ಕಾಣೆಯಾಗಿದ್ದರೆ, ಡೆಕಾಲ್ ಹಳದಿಯಾಗಿದ್ದರೆ ಹೇಳಿಯೇ ಮಾರಬೇಕು. ಧಾನ್ಯದ ರಾಶಿಯೊಳಗೆ ತೇವ ಅಡಗಿಸಿದ್ದ ವ್ಯಾಪಾರಿಯನ್ನು ಪ್ರವಾದಿ(ಸ) ಎಚ್ಚರಿಸಿದ್ದು ಇದಕ್ಕೇ ಅಲ್ಲವೇ?

“ತಂಗಿ ಒಂದು ವಿಮಾನ ಬೇಕೆನ್ನುತ್ತಾಳೆ,” ಎಂದ. ಬೆಲೆ ಕಟ್ಟಿ ಅವಳ ಪಾಲಿಗೇ ಹಿಡಿ, ಇಲ್ಲವೇ ಎಲ್ಲರೂ ಒಪ್ಪಿ ಹಾಗೆಯೇ ಕೊಡಿ ಎಂದೆ.