ಶಕ್ ಮತ್ತು ತಹ್‌ಕೀಕ್
(ವಿಜ್ಞಾನ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ಎರಡು ಪದಗಳಿವೆ. ಶಕ್ ಎಂದರೆ ಸಂಶಯ, ತಹ್‌ಕೀಕ್ ಎಂದರೆ ಸತ್ಯವನ್ನು ಶೋಧಿಸುವುದು. ವಿಜ್ಞಾನಿಯಾದವನು ಶಕ್‌ನಿಂದ ಹೊರಟು ತಹ್‌ಕೀಕ್‌ನ ಕಡೆಗೆ ನಡೆಯುತ್ತಾನೆ. ಆದರೆ ಜನರನ್ನು ಶಕ್‌ನಲ್ಲೇ ನಿಲ್ಲಿಸಿಡುವುದಕ್ಕಾಗಿ ಸಂಬಳ ಪಡೆದ ತಜ್ಞರೂ ಇದ್ದರು.

1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ಸಂಬಂಧವನ್ನು ತೋರಿಸಿಕೊಟ್ಟರು. 1953ರ ಡಿಸೆಂಬರಿನಲ್ಲಿ ಅಮೆರಿಕದ ಸಿಗರೇಟು ಕಂಪೆನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸಭೆ ಸೇರಿ, ಜಾನ್ ಹಿಲ್ ಎಂಬ ಪ್ರಚಾರ ತಜ್ಞರ ಮೊರೆಹೊಕ್ಕರು. ವಿಜ್ಞಾನವನ್ನು ಅಲ್ಲಗಳೆಯಬೇಡಿ, ಇನ್ನಷ್ಟು ವಿಜ್ಞಾನ ಬೇಕೆಂದು ಕೇಳಿ ಎಂಬುದು ಅವರ ಸಲಹೆಯ ಸಾರ. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಾಹೀರಾತು ಬಂತು. ಕಂಪೆನಿಗಳ ಹಣದಿಂದಲೇ ಒಂದು ಸಂಶೋಧನಾ ಸಮಿತಿ ಹುಟ್ಟಿತು. ಅದರ ವೈಜ್ಞಾನಿಕ ನಿರ್ದೇಶಕರಾದ ಕ್ಲಾರೆನ್ಸ್ ಕುಕ್ ಲಿಟಲ್ ಹಿಂದೆ ಕ್ಯಾನ್ಸರ್ ನಿಯಂತ್ರಣ ಸಂಸ್ಥೆಯನ್ನು ನಡೆಸಿದ್ದವರು!

ಎಂಥ ಜಾಣತನ ನೋಡಿ. ಸುಳ್ಳು ಹೇಳಿದವನು ಇಂದಲ್ಲ ನಾಳೆ ಸಿಕ್ಕಿಬೀಳುತ್ತಾನೆ. "ಇನ್ನೂ ಸಂಶೋಧನೆ ಆಗಬೇಕು" ಎನ್ನುವವನನ್ನು ಹಿಡಿಯುವವರು ಯಾರು? 1969ರ ಕಂಪೆನಿಯೊಂದರ ಒಳಪತ್ರದಲ್ಲಂತೂ ಸಂಶಯವೇ ನಮ್ಮ ಸರಕು ಎಂಬರ್ಥದ ಮಾತು ಬರೆದಿದೆ.

ಫ್ರೆಡರಿಕ್ ಸೈಟ್ಜ್ ದೊಡ್ಡ ಭೌತವಿಜ್ಞಾನಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮಾಜಿ ಅಧ್ಯಕ್ಷರು. 1979ರಿಂದ ಆರ್.ಜೆ. ರೆನಾಲ್ಡ್ಸ್ ಸಿಗರೇಟು ಕಂಪೆನಿಯ ಪರವಾಗಿ ಸಂಶೋಧನೆಗೆ ಹಣ ಹಂಚುವ ಕೆಲಸ ನೋಡಿಕೊಂಡರು. ಆ ಹಣದಲ್ಲಿ ಒಳ್ಳೆಯ ವಿಜ್ಞಾನವೂ ನಡೆಯಿತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ 1998ರಲ್ಲಿ ಭೂಮಿಯ ತಾಪಮಾನ ಏರಿಕೆಯನ್ನು ಪ್ರಶ್ನಿಸುವ ಮನವಿಯೊಂದು ಹರಡಿದಾಗ ಅದರ ಜೊತೆಗಿದ್ದ ಪತ್ರಕ್ಕೆ ಸಹಿ ಹಾಕಿದವರೂ ಇವರೇ. ಹವಾಮಾನ ಅವರ ಕ್ಷೇತ್ರವಲ್ಲ, ಹೆಸರಿನ ತೂಕ ಮಾತ್ರ ಅವರದು.

ನಮ್ಮ ಹದೀಸ್ ವಿದ್ವಾಂಸರು ಮಾತನ್ನಷ್ಟೇ ನೋಡಲಿಲ್ಲ. ಹೇಳಿದವನು ಯಾರು, ಯಾರಿಂದ ಕೇಳಿದ, ನಂಬಿಕಸ್ಥನೇ ಎಂದು ವಿಚಾರಿಸಿದರು. ಅದಕ್ಕೆಂದೇ ಅಸ್ಮಾವುರ್ರಿಜಾಲ್ ಎಂಬ ಶಾಸ್ತ್ರ ಬೆಳೆಯಿತು. ಪತ್ರಿಕೆಯಲ್ಲಿ "ತಜ್ಞರು ಹೇಳುತ್ತಾರೆ" ಎಂದು ಓದಿದಾಗ ನಮ್ಮ ಮಕ್ಕಳು ಅದೇ ಪ್ರಶ್ನೆಗಳನ್ನು ಕೇಳಬಾರದೇಕೆ?

ಇದು ದೂರದ ಊರಿನ ಕಥೆಯೆಂದು ತಿಳಿಯಬೇಡಿ. ಮುಂಬೈಯ ಸಾಂಘ್ವಿ ಮತ್ತು ಸಂಗಡಿಗರು ತಂಬಾಕಿಗೂ ಬಾಯಿ, ಗಂಟಲಿನ ಕ್ಯಾನ್ಸರಿಗೂ ಇರುವ ಸಂಬಂಧದ ಅಧ್ಯಯನವನ್ನು 1955ರಲ್ಲೇ ಪ್ರಕಟಿಸಿದ್ದರು. ಆದರೂ 2015ರಲ್ಲಿ ನಮ್ಮ ಸಂಸದೀಯ ಸಮಿತಿಯೊಂದರ ಅಧ್ಯಕ್ಷರು ಭಾರತದಲ್ಲಿ ಅಂಥ ಅಧ್ಯಯನವೇ ಆಗಿಲ್ಲವೆಂದರು. ಸಮಿತಿಯ ಸದಸ್ಯರೊಬ್ಬರು ಸ್ವತಃ ಬೀಡಿ ಉದ್ಯಮಿ. ಪೊಟ್ಟಣದ 85 ಶೇಕಡಾ ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮ ಒಂದು ವರ್ಷ ತಡವಾಗಿ 2016ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದುಮಾಡಿದರೆ, ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು.

ನಮ್ಮ ಸಮುದಾಯದ ಎಷ್ಟೋ ಮನೆಗಳ ಒಲೆ ಬೀಡಿ ಕಟ್ಟಿದ ಕೂಲಿಯಿಂದ ಉರಿದಿದೆ. ಆದ್ದರಿಂದ ಈ ಮಾತು ಆಡುವುದು ನನಗೆ ಸುಲಭವಲ್ಲ. ಕಟ್ಟುವ ಅಮ್ಮಂದಿರ ಹೊಟ್ಟೆಪಾಡಿನ ಪ್ರಶ್ನೆ ಬೇರೆ, ಸೇದುವವರ ಗಂಟಲಿನ ಪ್ರಶ್ನೆ ಬೇರೆ. ಒಂದನ್ನು ಮುಂದಿಟ್ಟು ಇನ್ನೊಂದನ್ನು ಮರೆಮಾಚುವುದನ್ನು ನಾನು ಒಪ್ಪಲಾರೆ.

ವಿದ್ಯಾರ್ಥಿಗಳೇ, ಪ್ರಶ್ನೆಗಳಿದ್ದರೆ ಕೇಳಿ.