ಯಂತ್ರದ ಲೆಕ್ಕಕ್ಕೂ ತಾಳೆ ಬೇಕು



ಬ್ಯಾಂಕಿನ ಹಿಂದಿನ ಗುಮಾಸ್ತರು ಲೆಡ್ಜರು ತಾಳೆಯಾದ ಮೇಲೆಯೇ ಮನೆಗೆ ಹೋಗುತ್ತಿದ್ದರಂತೆ. ನಮ್ಮ ಕಾಲಕ್ಕೆ ಆ ಲೆಡ್ಜರು ಗಣಕಯಂತ್ರದೊಳಗಿನ ದತ್ತಸಂಚಯವಾಗಿದೆ. ಅದನ್ನು ತಾಳೆ ನೋಡುವವರಾರು?

1988ರಲ್ಲಿ ಅಮೆರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾರ್ಟನ್ ಮಿಲ್ಲರ್ ಎಂಬ ಪ್ರಾಧ್ಯಾಪಕರು ಬಿರುಮಳೆಯ ರಾತ್ರಿ ಮನೆಯಿಂದ ದೂರವಾಣಿ ತಂತಿಯ ಮೂಲಕ ಗಣಕದಲ್ಲಿ ಕೆಲಸ ಮಾಡುತ್ತಿದ್ದರು. ತಂತಿಯಲ್ಲಿ ಇಲ್ಲದ ಅಕ್ಷರಗಳು ನುಸುಳಿ, ದಿನಬಳಕೆಯ ಕ್ರಮವಿಧಿಗಳೇ ಕುಸಿದುಬಿದ್ದವು. ಅಡ್ಡಾದಿಡ್ಡಿ ಅಕ್ಷರಗಳನ್ನು ಉಣಿಸಿ ಪರೀಕ್ಷಿಸುವ 'ಫಜ್' ವಿಧಾನ ಅಲ್ಲಿಂದ ಹುಟ್ಟಿತು.

ಆದರೆ ಕುಸಿದ ಯಂತ್ರ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಯಂತ್ರವೇ ಅಪಾಯಕಾರಿ. ಇದಕ್ಕೆ 2020ರಲ್ಲಿ ಜ್ಯೂರಿಕ್‌ನ ಮ್ಯಾನುಯೆಲ್ ರಿಗ್ಗರ್ ಮತ್ತು ಝೆಂಡಾಂಗ್ ಸು ಕಂಡ ಒಂದು ಉಪಾಯ ನಮ್ಮ ತಾಳೆಯಂಥದೇ. ಯಂತ್ರವೇ ಮನಬಂದಂತೆ ಪಟ್ಟಿಗಳನ್ನೂ ಪ್ರಶ್ನೆಗಳನ್ನೂ ಹೊಸೆಯುತ್ತದೆ. ಶಿಲ್ಕು ಸಾವಿರ ಮೀರಿದ ಖಾತೆಗಳೆಷ್ಟು? ಮೀರದವೆಷ್ಟು? ಶಿಲ್ಕೇ ನಮೂದಾಗದವೆಷ್ಟು? ಮೂರೂ ಕೂಡಿದರೆ ಒಟ್ಟು ಖಾತೆಗಳಾಗಲೇಬೇಕು. ಆಗದಿದ್ದರೆ ದೋಷ ಸಿಕ್ಕಿತು! ಸರಿಯುತ್ತರವನ್ನು ಮೊದಲೇ ಬಲ್ಲವರಾಗಿರಬೇಕಿಲ್ಲ. ಇಂಥ ಉಪಾಯಗಳಿಂದ ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್ ಮೊದಲಾದ ಹೆಸರಾಂತ ತಂತ್ರಾಂಶಗಳಲ್ಲಿ ನೂರಕ್ಕೂ ಮಿಕ್ಕ ದೋಷಗಳನ್ನು ಅವರು ಹಿಡಿದರು.

ತಾಳೆ ಬಂದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ಒಬ್ಬರ ಹಣ ಇನ್ನೊಬ್ಬರ ಖಾತೆಗೆ ಜಮೆಯಾದರೂ ಮೊತ್ತ ಕೂಡುತ್ತದೆಂಬುದನ್ನು ಗುಮಾಸ್ತರಾದ ನಾವು ಬಲ್ಲೆವು. ಆದ್ದರಿಂದ ಒಂದೇ ಪರೀಕ್ಷೆ ಸಾಲದು.

ಪೆನ್ಷನ್ನಿಗಾಗಿ ಕೌಂಟರಿನ ಮುಂದೆ ನಿಂತ ವೃದ್ಧರಿಗೆ ಯಂತ್ರದ ಮಾತೇ ಕಡೆಯ ಮಾತು. 'ಯಂತ್ರ ಹೀಗೆ ಹೇಳಿತು' ಎಂದು ನಾವು ಕೈತೊಳೆದುಕೊಳ್ಳಲಾಗದು. ಹಿಂಜವಡಿಯಲ್ಲಿ ತಂತ್ರಾಂಶ ಹೆಣೆಯುವ ನಮ್ಮ ಕನ್ನಡ ತರುಣರು ಈ ಮಾತನ್ನು ಮನಸ್ಸಿನಲ್ಲಿಡಲಿ ಎಂದು ಹಾರೈಸುತ್ತೇವೆ.