ಆದಾಯ ಹೆಚ್ಚಿದರೆ ಆರೋಗ್ಯವೂ ಹೆಚ್ಚುವುದೇ?

(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕಾರ್ಯದರ್ಶಿಗಳು ಈಗಷ್ಟೇ 25 ವರ್ಷಗಳ ವರದಿ ಓದಿದರು. ಹಾಲಿನ ಲೆಕ್ಕ, ಷೇರು ಹಣ, ಬೋನಸ್ಸು ಎಲ್ಲ ಕೇಳಿ ಸಂತೋಷವಾಯಿತು. ಮನೆಗೆ ನಾಲ್ಕು ಕಾಸು ಬಂದರೆ ಮಕ್ಕಳ ಆರೋಗ್ಯ ತಾನಾಗಿಯೇ ಸುಧಾರಿಸುತ್ತದೆ ಅಂತ ನಾವೆಲ್ಲ ನಂಬಿದ್ದೇವೆ. ಇದು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ನೆರೆಯ ಬಾಂಗ್ಲಾದೇಶದ ಉದಾಹರಣೆಯಿಂದ ಹೇಳಲು ಬಯಸುತ್ತೇವೆ.

ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೀಜ್ ಮತ್ತು ಅಮರ್ತ್ಯ ಸೇನ್ 2013ರ ತಮ್ಮ ಪುಸ್ತಕದಲ್ಲಿ ಎರಡೂ ದೇಶಗಳನ್ನು ಹೋಲಿಸಿದ್ದಾರೆ. 1990ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವರು ಬಾಂಗ್ಲಾದಲ್ಲಿ 97, ನಮ್ಮಲ್ಲಿ 81. 2011ಕ್ಕೆ ಅವರಲ್ಲಿ 37, ನಮ್ಮಲ್ಲಿ 47. ಅಷ್ಟರಲ್ಲಿ ನಮ್ಮ ತಲಾ ಆದಾಯ ಅವರದರ ಸುಮಾರು ಎರಡರಷ್ಟಾಗಿತ್ತು. ಹೆಚ್ಚು ಸಂಪಾದಿಸಿದವರು ನಾವು, ಹೆಚ್ಚು ಮಕ್ಕಳನ್ನು ಉಳಿಸಿಕೊಂಡವರು ಅವರು.

ಲಸಿಕೆ, ಹೆಣ್ಣುಮಕ್ಕಳ ಶಾಲೆ, ಶೌಚಾಲಯ, ಹೀಗೆ ಕಾರಣಗಳು ಹಲವು. ಹಾಲಿನ ಸಂಘದವರಾದ ನಮಗೆ ಚೆನ್ನಾಗಿ ಅರ್ಥವಾಗುವ ಒಂದನ್ನು ಮಾತ್ರ ತೆಗೆದುಕೊಳ್ಳೋಣ.

ವಾಂತಿಭೇದಿಯಲ್ಲಿ ಮಗುವಿನ ಪ್ರಾಣ ತೆಗೆಯುವುದು ಮೈಯ ನೀರು ಬತ್ತುವುದು. ಉಪ್ಪಿನ ಜೊತೆ ಸಿಹಿ ಸರಿಯಾದ ಪ್ರಮಾಣದಲ್ಲಿದ್ದರೆ ಕರುಳು ನೀರನ್ನು ಹೀರಿಕೊಳ್ಳುತ್ತದೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು ಇದನ್ನು ರೋಗಿಗಳಲ್ಲಿ ತೋರಿಸಿಕೊಟ್ಟರು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಈ ನೀರನ್ನೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು.

ವಿದ್ಯೆ ಸಿಕ್ಕಿತು, ಸರಿ. ಹಳ್ಳಿಯ ತಾಯಿಗೆ ಮುಟ್ಟಬೇಕಲ್ಲ? 1980ರಿಂದ 1990ರವರೆಗೆ ಬ್ರಾಕ್ ಎಂಬ ಸಂಸ್ಥೆಯ ಹೆಣ್ಣುಮಕ್ಕಳು ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಹೋಗಿ ಕಲಿಸಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು.

ಅವರ ಸಂಬಳವನ್ನು ಹೋಗಿಬಂದ ಮನೆ ಎಣಿಸಿ ಕೊಡಲಿಲ್ಲ. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ, ಅಲ್ಲೊಂದು ಇಲ್ಲೊಂದು ಮನೆ ಆರಿಸಿ, ತಾಯಿಗೆ ಹೇಳಿದ್ದು ನೆನಪಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಸಂಬಳ ಅದರ ಮೇಲೆ. ನಮ್ಮ ಡೈರಿಯಲ್ಲಿ ಬರೀ ಲೀಟರ್ ನೋಡಿ ದುಡ್ಡು ಕೊಡ್ತೀವಾ? ಫ್ಯಾಟು ನೋಡಿಯೇ ರೇಟು ಹಾಕೋದು. ಅದೇ ನ್ಯಾಯ.

ಆದರೂ ಮೊದಲಿಗೆ ಸೋತರು. ಕಲಿತ ತಾಯಂದಿರಲ್ಲಿ ಮಗುವಿಗೆ ಭೇದಿಯಾದಾಗ ಮಾಡಿಕೊಟ್ಟವರು ತೀರ ಕಡಿಮೆ. ವಿಚಾರಿಸಿದರೆ, ಕಲಿಸುವವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ! ಮನೆಯ ಗಂಡಸರಿಗಂತೂ ಯಾರೂ ಹೇಳಿರಲಿಲ್ಲ. ಆಮೇಲೆ ಕಲಿಸುವವರಿಗೆ ಮನವರಿಕೆ ಮಾಡಿಕೊಟ್ಟು, ಸಂತೆ, ಮಸೀದಿಗಳಲ್ಲಿ ಗಂಡಸರನ್ನೂ ಕೂರಿಸಿ ಹೇಳಿದ ಮೇಲೆ ಕೆಲಸ ಹಿಡಿಯಿತು.

ನಮ್ಮ ಕಡೆ "ಭೇದಿ ಆಗ್ತಿದೆ, ನೀರು ಕೊಡಬೇಡಿ" ಎನ್ನುವವರು ಈಗಲೂ ಇದ್ದಾರೆ. ನಮ್ಮ ಮನೆಯಲ್ಲೂ ಹಿರಿಯರು ಹಾಗೇ ಅಂದರು, ನಾವು ಗಂಡಸರು ಸುಮ್ಮನೆ ಜಗುಲಿಯ ಮೇಲೆ ಕೂತಿದ್ದೆವು. ಎರಡನೆಯ ದಿನ ಕೂಸು ಹೋಯಿತು. ಅವತ್ತು ಅಡುಗೆಮನೆಯಲ್ಲಿ ಉಪ್ಪೂ ಇತ್ತು, ಬೆಲ್ಲವೂ ಇತ್ತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭೇದಿಯಾದ ನೂರು ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು 61 ಮಕ್ಕಳಿಗೆ, ಜಿಂಕ್ ಸಿಕ್ಕಿದ್ದು ಸುಮಾರು 30 ಮಕ್ಕಳಿಗೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಹಾಲು ಅಳೆಯುವ ಮೇಜಿನ ಪಕ್ಕದಲ್ಲಿ ಓಆರ್‌ಎಸ್ ಪೊಟ್ಟಣದ ಡಬ್ಬಿ ಒಂದಿರಲಿ. ಉಪ್ಪು ಹೆಚ್ಚಾದರೆ ಅಪಾಯ, ಹಾಗಾಗಿ ಈಗ ಚಿಟಿಕೆ ಲೆಕ್ಕಕ್ಕಿಂತ ಪೊಟ್ಟಣವೇ ವಾಸಿ. ಮುಂದಿನ ಮಹಾಸಭೆಯ ವರದಿಯಲ್ಲಿ ಲಾಭದ ಕೆಳಗೆ ಇನ್ನೊಂದು ಸಾಲು ಬರಲಿ. ಎಷ್ಟು ಪೊಟ್ಟಣ ಹಂಚಿದಿರಿ ಅಂತ ಅಲ್ಲ, ಎಷ್ಟು ಮನೆಯವರಿಗೆ ಸರಿಯಾಗಿ ಕಲಸಿ ಕುಡಿಸಲು ಬರುತ್ತದೆ ಅಂತ. ಹೇಳದೆ ಕೇಳದೆ ಬಂದು ಪರೀಕ್ಷೆ ಮಾಡಿ, ಗಂಡಸರನ್ನೂ ಕೇಳಿ. ಮೊದಲು ನಮ್ಮ ಮನೆಗೇ ಬನ್ನಿ.